ಹೊದಿಸಿದ ಶಾಲು ರಾಜೀನಾಮೆಯಲ್ಲ

ಆಡಳಿತ ಮಂಡಳಿಯ ಗೌರವ ಕಾರ್ಯದರ್ಶಿಗಳೇ,

ನಾನು ಕೆಲಸ ಬಿಟ್ಟಿಲ್ಲ. ಇದನ್ನು ಮೂರು ಅರ್ಜಿಗಳಲ್ಲಿ ಬರೆದು ತಿಳಿಸಿದ್ದೇನೆ, ತುಮಕೂರಿನ ತಮ್ಮ ಕಚೇರಿಗೆ ಎರಡು ಸಲ ಬಂದು ತಿಳಿಸಿದ್ದೇನೆ. ತಮಗೆ ತಿಳಿಯಲಿಲ್ಲವಾದ್ದರಿಂದ ಈಗ ಊರಿಗೆಲ್ಲ ತಿಳಿಸುತ್ತಿದ್ದೇನೆ. ಗುಬ್ಬಿ ತಾಲ್ಲೂಕಿನ ತಮ್ಮ ಅನುದಾನಿತ ಪ್ರೌಢಶಾಲೆಯಲ್ಲಿ ಇಪ್ಪತ್ತೆರಡು ವರ್ಷ ಗಣಿತ ಹೇಳಿಕೊಟ್ಟವನು ನಾನು. ಗಂಟಲಿನ ಕ್ಯಾನ್ಸರ್ ಆಯಿತು. ರಜೆ ಹಾಕಿದೆ, ಚಿಕಿತ್ಸೆ ಮುಗಿಸಿದೆ, ಕೆಲಸಕ್ಕೆ ಹಾಜರಾಗಬಹುದು ಎಂಬ ವೈದ್ಯರ ಪ್ರಮಾಣಪತ್ರ ಹಿಡಿದು ಜೂನ್ ತಿಂಗಳಲ್ಲಿ ಶಾಲೆಗೆ ಬಂದೆ. ಜವಾನ ಚಿಕ್ಕಬೋರಯ್ಯ ಗೇಟಿನ ಹತ್ತಿರವೇ ತಡೆದು, 'ಹಾಜ್ರಿ ಬುಕ್ಕಲ್ಲಿ ನಿಮ್ಮೆಸ್ರು ಇಲ್ಲ ಕಣ್ ಸಾ, ನಾನೇನ್ ಮಾಡ್ಲಿ' ಎಂದು ತಲೆ ತಗ್ಗಿಸಿದ. ಶಾಲೆಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಅದು ನನ್ನ ಶಾಲೆ, ಅದರ ಹೆಸರು ಕೆಡುವುದು ನನಗೆ ಇಷ್ಟವಿಲ್ಲ.

ಹೆಸರು ಯಾಕಿಲ್ಲ ಎಂದು ಕೇಳಿದ್ದಕ್ಕೆ ತಾವು ದಯಪಾಲಿಸಿದ ಉತ್ತರವನ್ನು ಹಾಗೇ ಇಳಿಸುತ್ತೇನೆ: 'ತಾವು ಕಳೆದ ಸೆಪ್ಟೆಂಬರ್ ಮಾಹೆಯಲ್ಲಿ ಶಾಲಾ ಸಭಾಂಗಣದಲ್ಲಿ ಜರುಗಿದ ಬೀಳ್ಕೊಡುಗೆಯನ್ನು ಸಂತೋಷದಿಂದ ಸ್ವೀಕರಿಸಿ, ಸ್ವಇಚ್ಛೆಯಿಂದ ಸೇವೆಯಿಂದ ಮುಕ್ತರಾಗಿರುವುದರಿಂದ ತಮ್ಮ ಮನವಿಯನ್ನು ಪರಿಗಣಿಸಲು ಅವಕಾಶವಿರುವುದಿಲ್ಲ. ಅಡಕ: ಬಿನ್ನವತ್ತಳೆಯ ಪ್ರತಿ ಒಂದು, ಛಾಯಾಚಿತ್ರ ಒಂದು.' ಛಾಯಾಚಿತ್ರದಲ್ಲಿ ನಾನಿದ್ದೇನೆ, ನಿಜ. ಮೈಮೇಲೆ ಶಾಲು, ತಲೆಗೆ ಪೇಟ, ಕಾಲ ಬಳಿ ಹಣ್ಣಿನ ಬುಟ್ಟಿ. ಪಕ್ಕದಲ್ಲಿ ತಾವೂ ನಗುತ್ತಾ ನಿಂತಿದ್ದೀರಿ. ರಾಜೀನಾಮೆ ಪತ್ರ ಮಾತ್ರ ಅಡಕವಾಗಿಲ್ಲ, ಏಕೆಂದರೆ ನಾನು ಅದನ್ನು ಬರೆದೇ ಇಲ್ಲ. ಶಾಲು, ಪೇಟಗಳ ಆಧಾರದ ಮೇಲೆ ನೌಕರನ ಸೇವೆಯನ್ನು ಮುಗಿಸುವ ನಿಯಮ ಯಾವ ಪುಸ್ತಕದಲ್ಲಿದೆ, ಮಾನ್ಯರೇ? ಹಾಗಿದ್ದರೆ ಪ್ರತಿ ಗಣರಾಜ್ಯೋತ್ಸವಕ್ಕೂ ತಪ್ಪದೆ ಸನ್ಮಾನ ಮಾಡಿಸಿಕೊಳ್ಳುವ ತಾವು ಇಷ್ಟು ಹೊತ್ತಿಗೆ ಎಷ್ಟು ಸಲ ನಿವೃತ್ತರಾಗಿರಬೇಕಿತ್ತು?

ಆ ದಿನ ನಡೆದದ್ದನ್ನು ಹೇಳುತ್ತೇನೆ. ಅದಕ್ಕೆ ಒಂದು ತಿಂಗಳ ಹಿಂದೆ ಬೆಂಗಳೂರಿನ ಆಸ್ಪತ್ರೆಯಲ್ಲಿ ನನ್ನ ಧ್ವನಿಪೆಟ್ಟಿಗೆಯನ್ನು ತೆಗೆದುಹಾಕಿದ್ದರು. ಆಗಿನಿಂದ ನಾನು ಉಸಿರಾಡುವುದು ಕುತ್ತಿಗೆಯಲ್ಲಿ ಮಾಡಿರುವ ರಂಧ್ರದಿಂದ. ಈಗ ಗಂಟಲಿಗೆ ಒತ್ತಿ ಹಿಡಿದು ಮಾತಾಡುವ ಒಂದು ಸಣ್ಣ ಯಂತ್ರವಿದೆ, ಆಗ ಅದೂ ಇರಲಿಲ್ಲ. ಹೇಳಬೇಕಾದ್ದನ್ನೆಲ್ಲ ಸ್ಲೇಟಿನ ಮೇಲೆ ಬರೆದು ತೋರಿಸುತ್ತಿದ್ದೆ. ರೇಡಿಯೇಷನ್ ಶುರುವಾಗುವ ಮುನ್ನ ರಜೆ ಮುಂದುವರಿಸಲು ಅರ್ಜಿ ಕೊಡೋಣವೆಂದು, ಬರುವ ದಿನವನ್ನು ಮೊದಲೇ ತಿಳಿಸಿ, ಹೆಂಡತಿ ರೂಪಶ್ರೀಯನ್ನು ಕರೆದುಕೊಂಡು ಶಾಲೆಗೆ ಹೋದೆ. ನೋಡಿದರೆ ಸಭಾಂಗಣದಲ್ಲಿ ಕುರ್ಚಿ ಹಾಕಿದ್ದಾರೆ, ಮೈಕು ಕಟ್ಟಿದ್ದಾರೆ, ಮಕ್ಕಳು ಸಾಲಾಗಿ ಕೂತಿದ್ದಾರೆ. ಕನ್ನಡ ಶಿಕ್ಷಕಿ ಪ್ರಮೀಳಾ ಎದುರಿಗೆ ಬಂದು, 'ಸಾರ್, ನಿಮಗೆ ಧೈರ್ಯ ತುಂಬೋಣ ಅಂತ ಒಂದು ಚಿಕ್ಕ ಪ್ರೋಗ್ರಾಂ ಇಟ್ಕೊಂಡಿದೀವಿ, ಬೇಡ ಅನ್ಬೇಡಿ' ಅಂದರು. ಬೇಡ ಅನ್ನಲು ನನ್ನ ಹತ್ತಿರ ಏನಿತ್ತು?

ನಮ್ಮ ಕಡೆ ಒಬ್ಬರ ಮೇಲೆ ಪ್ರೀತಿ ಉಕ್ಕಿದರೆ ಶಾಲು ಹೊದಿಸುವುದು ಬಿಟ್ಟು ಬೇರೆ ದಾರಿ ಯಾರಿಗೂ ಗೊತ್ತಿಲ್ಲ. ಶಾಲು ಎಂದ ಮೇಲೆ ಬಿನ್ನವತ್ತಳೆ ಬೇಕು, ಅಂದರೆ ಚೌಕಟ್ಟು ಹಾಕಿಸಿದ ಹೊಗಳಿಕೆಯ ಪತ್ರ. ಹೊಸದಾಗಿ ಬರೆಯಲು ಪ್ರಮೀಳಾ ಅವರಿಗೆ ಪುರುಸೊತ್ತಿರಲಿಲ್ಲ. ಎರಡು ವರ್ಷದ ಹಿಂದೆ ನಿವೃತ್ತರಾದ ಡ್ರಾಯಿಂಗ್ ಮೇಷ್ಟ್ರು ಪುಟ್ಟರಂಗಯ್ಯನವರ ಬಿನ್ನವತ್ತಳೆ ಗುಬ್ಬಿಯ ಡಿ.ಟಿ.ಪಿ. ಅಂಗಡಿಯ ಕಂಪ್ಯೂಟರಿನಲ್ಲಿ ಇನ್ನೂ ಇತ್ತು. ಹೆಸರು, ವಿಷಯ ಬದಲಾಯಿಸಿ ಅದನ್ನೇ ಅಚ್ಚು ಹಾಕಿಸಿದರು. 'ನಿವೃತ್ತಿ ಜೀವನಕ್ಕೆ ಪದಾರ್ಪಣೆ ಮಾಡುತ್ತಿರುವ' ಎಂಬ ಸಾಲು ಹಾಗೇ ಉಳಿದುಕೊಂಡಿತು. ಪ್ರಮೀಳಾ ಅಳುತ್ತಲೇ ಓದಿದರು, ಏನು ಓದುತ್ತಿದ್ದೇನೆಂಬ ಪರಿವೆ ಅವರಿಗಿರಲಿಲ್ಲ. ನನಗೆ ಮಾತ್ರ ಸರಿಯಾಗಿ ಕೇಳಿಸಿತು. ಇದು ತಪ್ಪು ಎಂದು ಬರೆದು ತೋರಿಸೋಣವೆಂದರೆ ಸ್ಲೇಟು ಕೆಳಗೆ ಕೂತಿದ್ದ ರೂಪಶ್ರೀ ಹತ್ತಿರವಿತ್ತು, ನಾನು ವೇದಿಕೆಯ ಮೇಲೆ ಎರಡೂ ಕೈ ಮುಗಿದು ನಿಂತಿದ್ದೆ. ಮುನ್ನೂರು ಮಕ್ಕಳು ಚಪ್ಪಾಳೆ ತಟ್ಟುತ್ತಿರುವಾಗ ಮುಗಿದ ಕೈ ಇಳಿಸುವುದು ಹೇಗೆ? ಕಣ್ಣಲ್ಲಿ ನೀರು ಬಂತು. ಅದನ್ನೇ ತಾವು 'ಸಂತೋಷದಿಂದ ಸ್ವೀಕರಿಸಿ' ಎಂದು ಬರೆದಿರಿ. ಸಮಾರಂಭ ಮುಗಿದ ಮೇಲೆ ನಾನು ರಜೆ ಅರ್ಜಿಯನ್ನು ಮುಖ್ಯೋಪಾಧ್ಯಾಯರಿಗೆ ಕೊಟ್ಟು ಸ್ವೀಕೃತಿ ಪಡೆದೇ ಮನೆಗೆ ಹೋದದ್ದು. ಕೆಲಸ ಬಿಟ್ಟು ಹೋಗುವವನು ರಜೆ ಕೇಳುತ್ತಾನೆಯೇ?

ಪ್ರಮೀಳಾ ತಪ್ಪೊಪ್ಪಿಕೊಂಡು ತಮಗೆ ಪತ್ರ ಬರೆದಿದ್ದಾರೆ. ನಮ್ಮ ಮನೆಗೆ ಬಂದು, 'ನನ್ನ ಕೈಯಾರೆ ನಿಮ್ಮ ಕೆಲ್ಸ ಕಳೆದೆ ಸಾರ್' ಎಂದು ರೂಪಶ್ರೀಯ ಹೆಗಲ ಮೇಲೆ ತಲೆ ಇಟ್ಟು ಅತ್ತಿದ್ದಾರೆ. ಅವರ ಮೇಲೆ ನನಗೆ ಎಳ್ಳಷ್ಟೂ ಬೇಸರವಿಲ್ಲ. ಪ್ರೀತಿಯಿಂದ ಆದ ಅಚಾತುರ್ಯವನ್ನು ತಾವು ಕಡತಕ್ಕೆ ಸೇರಿಸಿಕೊಂಡಿರಲ್ಲ, ಬೇಸರ ಅದಕ್ಕೆ.

ಜುಲೈನಲ್ಲಿ ತಮ್ಮ ಎದುರು ಕೂತಾಗ ತಾವು ಬಹಳ ಮೃದುವಾಗಿ ಮಾತಾಡಿದಿರಿ. 'ಆರೋಗ್ಯ ಮುಖ್ಯ ಮೇಷ್ಟ್ರೇ, ಆರಾಮಾಗಿ ಮನೇಲಿರಿ. ಆ ಮೆಷಿನ್ ಸೌಂಡಿಗೆ ಮಕ್ಳು ಹೆದ್ರ್ಕೋತಾರೆ' ಅಂದಿರಿ. ತಮಗೆ ಗಾಜಿನ ಲೋಟದಲ್ಲಿ ಕಾಫಿ ಬಂತು, ನನಗೆ ಕಾಗದದ ಲೋಟದಲ್ಲಿ. ಕ್ಯಾನ್ಸರ್ ಲೋಟಕ್ಕೆ ಅಂಟುವುದಿಲ್ಲ ಎಂದು ಎಂಟನೇ ತರಗತಿಯ ಮಗುವಿಗೂ ಗೊತ್ತು. ಶಿಕ್ಷಣ ಸಂಸ್ಥೆಯ ಕಾರ್ಯದರ್ಶಿಗಳಿಗೆ ಗೊತ್ತಿರಲೇಬೇಕು ಎಂಬ ನಿಯಮ ಇಲ್ಲವೇನೋ. ಕಾಫಿ ಕುಡಿದೆ. ಬಸ್ ಸ್ಟ್ಯಾಂಡಿನವರೆಗೆ ನಡೆದು ಬರುವಾಗ ಸಂಕಟ ತಡೆಯಲಾಗಲಿಲ್ಲ. ರೋಗ ಬಂದಿದೆ ಎಂದು ತಿಳಿದ ದಿನವೂ ನನಗೆ ಅಷ್ಟು ಸಂಕಟವಾಗಿರಲಿಲ್ಲ.

ಮಕ್ಕಳು ಹೆದರುತ್ತಾರೆಯೇ? ಕೇಳೋಣ. ಹತ್ತನೇ ತರಗತಿಗೆ ಈಗ ಗಣಿತ ತೆಗೆದುಕೊಳ್ಳುತ್ತಿರುವವರು ದೈಹಿಕ ಶಿಕ್ಷಣದ ಮೇಷ್ಟ್ರು, ಪಾಪ, ಅವರ ತಪ್ಪೇನೂ ಇಲ್ಲ. ಹಾಗಾಗಿ ಆರು ಮಕ್ಕಳು ಭಾನುವಾರ ನಮ್ಮ ಮನೆಯ ಪಡಸಾಲೆಗೆ ಬರುತ್ತಾರೆ. ಎಡಗೈಯಲ್ಲಿ ಯಂತ್ರ, ಬಲಗೈಯಲ್ಲಿ ಸೀಮೆಸುಣ್ಣ, ದೂಳಿಗೆ ಕುತ್ತಿಗೆಗೊಂದು ಬಟ್ಟೆ. ಬೆಳ್ಳಾವಿ ಕಡೆಯಿಂದ ಬಂದು ಅಜ್ಜಿ ಮನೆಯಲ್ಲಿದ್ದು ಓದುವ ಮಾನಸಾ ಎಂಬ ಹುಡುಗಿಯನ್ನು, ಈ ಸದ್ದಿಗೆ ಭಯ ಆಗುತ್ತೇನಮ್ಮ ಎಂದು ಕೇಳಿದೆ. 'ಮೊದಲ್ನೇ ದಿನ ಮೆಷಿನ್ ಸೌಂಡೇ ಕೇಳುಸ್ತಿತ್ತು ಸಾರ್. ಈಗ ಲೆಕ್ಕ ಕೇಳುಸ್ತದೆ' ಅಂದಳು. ಹೆದರಿದವರು ದೊಡ್ಡವರು, ಮಾನ್ಯರೇ. ಮಕ್ಕಳ ಹೆಸರು ಹೇಳುವುದು ಸುಲಭ, ಅಷ್ಟೆ.

ಇನ್ನು ಕಾನೂನು. ಸೇವೆಯಲ್ಲಿರುವಾಗ ಅಂಗವೈಕಲ್ಯಕ್ಕೆ ಒಳಗಾದ ನೌಕರನನ್ನು ತೆಗೆಯುವಂತಿಲ್ಲ, ದರ್ಜೆ ಇಳಿಸುವಂತಿಲ್ಲ. ಹಳೆಯ ಕೆಲಸ ಆಗದಿದ್ದರೆ ಅದೇ ವೇತನದ ಬೇರೆ ಕೆಲಸ ಕೊಡಬೇಕು. ಇದು ೨೦೧೬ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಇಪ್ಪತ್ತನೇ ಸೆಕ್ಷನ್. ಸರ್ಕಾರದ ಅನುದಾನ ಪಡೆಯುವ ಸಂಸ್ಥೆಗಳಿಗೂ ಇದು ಅನ್ವಯ. ಧ್ವನಿ ಕಳೆದುಕೊಂಡವನು ಎಂಬ ಕಾರ್ಡನ್ನೂ ಸರ್ಕಾರವೇ ನನಗೆ ಕೊಟ್ಟಿದೆ. ಅನುದಾನ ತೆಗೆದುಕೊಳ್ಳುವಾಗ ಎರಡೂ ಕೈ ಚಾಚುವ ಸಂಸ್ಥೆಗೆ ಕಾಯ್ದೆ ಬಂದಾಗ ಮಾತ್ರ ಕೈ ಕಟ್ಟಿಹಾಕಿದಂತೆ ಆಗುವುದೇಕೆ?

ಈ ಪತ್ರವನ್ನು ನನ್ನೊಬ್ಬನ ಸಲುವಾಗಿ ಬರೆದಿದ್ದರೆ ಇಷ್ಟು ಧೈರ್ಯ ಬರುತ್ತಿರಲಿಲ್ಲ. ರೇಡಿಯೇಷನ್ನಿಗೆ ಸರದಿಯಲ್ಲಿ ಕೂತಾಗ ಕುಣಿಗಲ್ ತಾಲ್ಲೂಕು ಕೊತ್ತಗೆರೆಯ ಸಿದ್ದಗಂಗಮ್ಮ ಎಂಬ ಹೆಣ್ಣುಮಗಳ ಪರಿಚಯವಾಯಿತು. ಗಾರ್ಮೆಂಟ್ಸಿನಲ್ಲಿ ಹೊಲಿಯುವ ಕೆಲಸ, ಎದೆಯ ಕ್ಯಾನ್ಸರ್. ಫ್ಯಾಕ್ಟರಿಯಲ್ಲಿ ಕಾಮಾಲೆ ಎಂದು ಹೇಳಿ ಬಂದಿದ್ದಳು. ಕೂದಲು ಉದುರಿದ್ದಕ್ಕೆ ಏನು ಹೇಳುತ್ತೀಯ ಎಂದು ಸ್ಲೇಟಿನಲ್ಲಿ ಬರೆದು ಕೇಳಿದೆ. 'ಮಾದಪ್ಪನ ಬೆಟ್ಟಕ್ಕೋಗಿ ಮುಡಿ ಕೊಟ್ಬಂದೆ ಅಂತೀನಿ ಸಾ. ನಿಜ ಯೋಳುದ್ರೆ ನಾಳಿಂದ ಬರ್ಬ್ಯಾಡ ಅಂದ್ಬುಡ್ತಾರೆ' ಅಂದಳು. ಅವಳು ದೇವರ ಹೆಸರಿನಲ್ಲಿ ಸುಳ್ಳು ಹೇಳಬೇಕಾಗಿ ಬಂದದ್ದು ಯಾರ ತಪ್ಪು? ಅಕ್ಷರ ಬಲ್ಲ, ಕಾಯ್ದೆ ಬಲ್ಲ ನಾನೇ ಸುಮ್ಮನಾದರೆ ಅವಳು ಇನ್ನು ಯಾವ ಧೈರ್ಯದ ಮೇಲೆ ನಿಜ ಹೇಳಿಯಾಳು?

ನನ್ನ ಬೇಡಿಕೆ ಚಿಕ್ಕದು. ಹದಿನೈದು ದಿನದೊಳಗೆ ತಮ್ಮ ಹಿಂಬರಹವನ್ನು ರದ್ದುಪಡಿಸಿ, ಜೂನ್ ತಿಂಗಳಿಂದಲೇ ನಾನು ಕರ್ತವ್ಯಕ್ಕೆ ಹಾಜರಾಗಿದ್ದೇನೆಂದು ಲಿಖಿತ ಆದೇಶ ಕೊಡಿ. ತರಗತಿ ಕೊಟ್ಟರೆ ಪಾಠ ಮಾಡುತ್ತೇನೆ. ಅದು ಆಗದು ಎಂದು ವೈದ್ಯರು ಹೇಳಿದರೆ, ತಾವು ಹೇಳಿದರೆ ಅಲ್ಲ, ಗ್ರಂಥಾಲಯವನ್ನೋ ಪ್ರಯೋಗಾಲಯವನ್ನೋ ನೋಡಿಕೊಳ್ಳುತ್ತೇನೆ. ಕರುಣೆ ಬೇಡ, ಅದು ಸಾಕಷ್ಟು ಸಿಕ್ಕಿದೆ. ಐದು ವರ್ಷ ನೋಡೋಣ ಎಂದಿದ್ದಾರೆ ಡಾಕ್ಟರು. ನನ್ನ ಸೇವೆ ಇರುವುದು ಇನ್ನು ಏಳು ವರ್ಷ. ಆಯಸ್ಸು ಮೊದಲು ಮುಗಿಯುತ್ತದೋ ಸೇವೆ ಮೊದಲು ಮುಗಿಯುತ್ತದೋ ನನಗೂ ತಿಳಿಯದು, ತಮಗೂ ತಿಳಿಯದು. ಅದನ್ನು ಮನೆಯಲ್ಲಿ ಕೂತು ಕಾಯುವುದಕ್ಕೆಂದು ನಾನು ಇಷ್ಟು ನೋವು ತಿಂದು ಬದುಕಿ ಬಂದಿಲ್ಲ.

ಇಂತಿ,
ತಮ್ಮ ಶಾಲೆಯಿಂದ ಹೊರಗೂ ಹೋಗದ, ಒಳಗೂ ಬರಲಾಗದ
ರೇಣುಕಾಪ್ರಸಾದ್
ಗಣಿತ ಶಿಕ್ಷಕ (ಮಾಜಿ ಎಂದು ಸೇರಿಸಬೇಡಿ)
ಗುಬ್ಬಿ