ನೀಲಿ ಶರ್ಟಿನವನಿಗೆ ಹೇಳಿದ್ದು

೨೪ ಜನವರಿ ೨೦೦೭, ಬುಧವಾರ

ಕೆಲಸದಿಂದ ಬಂದು ಕಾಲು ತೊಳೆಯುವ ಮೊದಲೇ ಅಮ್ಮನ ಸುದ್ದಿ. ಇನ್ನೊಂದು ಗಂಡು. ವರ್ಕಾಡಿಯ ಯತಿರಾಜ್, ಬ್ಯಾಂಕಿನಲ್ಲಿ ಕೆಲಸ. ತಂದದ್ದು ದಲ್ಲಾಳಿ ಹೊನ್ನಯ್ಯಣ್ಣ, ಇನ್ಯಾರು! ಈ ಸಲ ಮನೆಗೆ ಬರುವುದಿಲ್ಲವಂತೆ. ಅಂಗಳದಲ್ಲಿ ಕಾರು ನಿಂತರೆ ಸಾಕು, ಮರುದಿನ ಆಚೆಮನೆ ದಮಯಂತಿಯಕ್ಕ ಬೇಲಿ ಹತ್ತಿರ ಹಾಜರು — ಆಯಿತಾ, ಆಗಲಿಲ್ವಾ?

ಅದಕ್ಕೆ ಅಪ್ಪನ ಉಪಾಯ. ಆದಿತ್ಯವಾರ ಮಂಗಳೂರಿಗೆ ಫ್ಯಾಮಿಲಿ ಟ್ರಿಪ್. ಬಿಜೈ ಮ್ಯೂಸಿಯಂ, ಆಮೇಲೆ ಕದ್ರಿ ಪಾರ್ಕ್. ಮ್ಯೂಸಿಯಂನಲ್ಲಿ ಅವರು ಅಕಸ್ಮಾತ್ ಸಿಗುವುದು. ಹೆಸರು ಕೇಳಬಾರದು, ಸಂಬಂಧದ ಮಾತು ಎತ್ತಬಾರದು. ಎರಡು ಕಡೆಯವರಿಗೂ ಮರ್ಯಾದೆ. ಹುಡುಗನದ್ದು ನೀಲಿ ಶರ್ಟ್.

ಕೊನೆಗೆ ಅಮ್ಮನ ಹಳೇ ಪಾಠ. ಫಿಟ್ಸ್ ವಿಷಯ ಬಾಯಿ ಬಿಡಬಾರದು. ಹಿಂದಿನ ಎರಡು ಸಂಬಂಧ ತಪ್ಪಿದ್ದು ಅದರಿಂದಲೇ, ಯಾರೋ ಪುಣ್ಯಾತ್ಮರು ಹೋಗಿ ಹೇಳಿದ್ದು. "ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತ ಉಂಟು ಮಗಾ. ನಾವು ಹೇಳುವುದು ಒಂದೇ ಅಲ್ವಾ?"

ಮನೆಗೆ ಜನ ಬಂದಾಗ ನನ್ನ ಮಾತ್ರೆ ಡಬ್ಬಿಯನ್ನು ಅಮ್ಮ ಅಕ್ಕಿಯೊಳಗೆ ಹೂತಿಡುತ್ತಾಳೆ. ಮದುವೆಯಾದ ಮೇಲೆ ಯಾರ ಅಕ್ಕಿಯಲ್ಲಿ ಹೂಳಲಿ? ಮಾತ್ರೆ ತಪ್ಪಿದರೆ… ಹೆದರಿಕೆಯಾಗುತ್ತದೆ.

೨೮ ಜನವರಿ, ಆದಿತ್ಯವಾರ, ಸಂಜೆ

ಅಯ್ಯೋ ದೇವರೇ. ಎಲ್ಲಿಂದ ಶುರು ಮಾಡಲಿ.

ಬಂದ್ಯೋಡಿನಿಂದ ಬಸ್ಸು. ಅಮ್ಮನ ಮದುವೆಮನೆಯ ಸೀರೆ ನೋಡಿ ಕಂಡಕ್ಟರನೇ ಎಲ್ಲಿ ಮದುವೆ ಅಂತ ಕೇಳಿದ. ತಮ್ಮ ವಿಖ್ಯಾತನಿಗೆ ನಗು ತಡೆಯಲಾಗಲಿಲ್ಲ.

ಮ್ಯೂಸಿಯಂನೊಳಗೆ ಕಾಲಿಟ್ಟದ್ದೇ — ನೀಲಿ ಶರ್ಟ್! ಪಕ್ಕದಲ್ಲಿ ಅವನ ತಾಯಿ. ಅಮ್ಮ ನೇರ ಅವರ ಬಳಿ. ಸೆಕೆಯಿಂದ ಶುರುವಾದ ಮಾತು ಎಳನೀರು ಬೊಂಡದ ರೇಟು, ಮಂಡಿನೋವು ಅಂತ ಹರಿಯಿತು. ಐದು ನಿಮಿಷದಲ್ಲಿ ಅಕ್ಕ-ತಂಗಿಯರ ಹಾಗೆ. ಹೆಸರು ಮಾತ್ರ ಕೇಳಲಿಲ್ಲ, ನಿಯಮ ನಿಯಮವೇ. ಆಮೇಲೆ ನನ್ನನ್ನು ತಿವಿದು, ನೀವಿಬ್ಬರೂ ಆಚೆ ಕೋಣೆ ನೋಡಿ ಬನ್ನಿ ಅಂದಳು. ಅವನು ಸ್ವಲ್ಪ ಗಲಿಬಿಲಿಯಾದ. ನಾಚಿಕೆ ಅಂದುಕೊಂಡೆ.

ಹಳೇ ಪಿಂಗಾಣಿ ಹೂಜಿಗಳ ಎದುರು ನಿಂತೆವು. ಏನಾಯಿತೋ ಗೊತ್ತಿಲ್ಲ, ಅಡಗಿಸಿ ಅಡಗಿಸಿ ಸಾಕಾಗಿತ್ತು. ಹೇಳಿಬಿಟ್ಟೆ. "ನನಗೆ ಫಿಟ್ಸ್ ಉಂಟು. ದಿನಾ ಮಾತ್ರೆ ತಗೊಳ್ತೇನೆ. ನಾಲ್ಕು ವರ್ಷದಿಂದ ಬಂದಿಲ್ಲ. ನಿಮಗೆ ಗೊತ್ತಿರ್ಲಿ ಅಂತ ಹೇಳಿದೆ."

ಅವನು ನನ್ನ ಮುಖ ನೋಡಿದ. "ಹೌದಾ? ನನ್ನ ಅತ್ತಿಗೆಗೂ ಉಂಟು. ಎರಡು ಮಕ್ಕಳಿದ್ದಾರೆ, ಶಾಲೆಯಲ್ಲಿ ಟೀಚರ್ ಕೆಲಸವೂ ಮಾಡ್ತಾರೆ. ಮಾತ್ರೆ ತಪ್ಪಿಸಬಾರದು ಅಷ್ಟೆ." ಇಷ್ಟೇ. ಹೂಜಿಯಲ್ಲಿ ಎಂತ ಇಡುತ್ತಿದ್ದರೋ ಅಂತ ಮತ್ತೆ ಬಗ್ಗಿ ನೋಡಿದ. ನನಗೆ ಅಳು ಬಂತು, ಸಂತೋಷಕ್ಕೆ.

ಅಷ್ಟರಲ್ಲಿ ಒಂದು ಚಿಕ್ಕ ಹುಡುಗಿ ಓಡಿ ಬಂದು ಅವನ ಕಾಲು ಹಿಡಿದಳು. "ಅಪ್ಪಾ, ಐಸ್‌ಕ್ರೀಮ್!" ಹಿಂದಿನಿಂದ ಹೆಂಡತಿ.

ಅಮ್ಮನ ಮುಖ! ಅದನ್ನೂ ಗಾಜಿನ ಪೆಟ್ಟಿಗೆಯಲ್ಲಿಡಬಹುದಿತ್ತು.

ಆಗಲೇ ಅಪ್ಪನ ಮೊಬೈಲು. ಹೊನ್ನಯ್ಯಣ್ಣ. ಗಂಡಿನ ಕಡೆಯವರಿಗೆ ಪಾರ್ಕ್ ಅಂತ ಹೇಳಿದ್ದಂತೆ, ನಮಗೆ ಮ್ಯೂಸಿಯಂ ಅಂತ. ಅವರು ಕಾದು ಕಾದು ಹೊರಟೇ ಹೋದರು. ಅಪ್ಪ ಬಾಯಿಗೆ ಬಂದದ್ದು ಬೈದರು. ಆದರೂ ಪಾರ್ಕಿಗೆ ಹೋದೆವು. ಪುಟಾಣಿ ರೈಲಿನಲ್ಲಿ ಕೂತೆ. ಎಷ್ಟು ವರ್ಷವಾಯಿತೋ ಇಷ್ಟು ಹಗುರವಾಗಿ. ತಪ್ಪಿ ಬೇರೆಯವನಿಗೆ ಹೇಳಿದ್ದು ನಿಜ. ಆದರೆ ಹೇಳಿದೆ, ಆಕಾಶ ಬೀಳಲಿಲ್ಲ.

೨೯ ಜನವರಿ

ಸೋಮವಾರ. ಅಪ್ಪನ ಮೊಬೈಲಿನಿಂದ ಹೊನ್ನಯ್ಯಣ್ಣನಿಗೆ ನಾನೇ ಫೋನ್ ಮಾಡಿದೆ. ನನ್ನ ಕಾಯಿಲೆ ವಿಷಯ ಮೊದಲು ವರ್ಕಾಡಿಯವರಿಗೆ ಹೇಳಿ, ಆಮೇಲೂ ಮನಸ್ಸಿದ್ದರೆ ಮನೆಗೇ ಬರಲಿ, ಕಾರು ಅಂಗಳದಲ್ಲೇ ನಿಲ್ಲಲಿ ಅಂದೆ. ಅಮ್ಮ ಊಟ ಮಾಡಲಿಲ್ಲ. ನನ್ನ ಜೊತೆ ಮಾತಿಲ್ಲ.

೫ ಫೆಬ್ರವರಿ

ಉತ್ತರವಿಲ್ಲ. ಅಮ್ಮ ಈಗ ಮಾತಾಡುತ್ತಾಳೆ, ಪಾತ್ರೆಗಳ ಜೊತೆ. ಬೇಜಾರುಂಟು. ಆದರೂ ನಿದ್ದೆ ಬರುತ್ತಿದೆ, ಚೆನ್ನಾಗಿ.

೧೧ ಫೆಬ್ರವರಿ, ಆದಿತ್ಯವಾರ

ನಿನ್ನೆ ಫೋನು ಬಂತು. ಎಲ್ಲ ಗೊತ್ತಾಗಿಯೂ ಬರುತ್ತಾರಂತೆ! ಆ ಯತಿರಾಜ್ ಒಂದೇ ಮಾತು ಕೇಳಿದನಂತೆ — ಯಾವ ಡಾಕ್ಟರಿಗೆ ತೋರಿಸುವುದು? ಬೆಳಗ್ಗಿನಿಂದ ಮನೆ ತುಂಬ ಉಪ್ಪಿಟ್ಟಿನ ಪರಿಮಳ. ಒಪ್ಪುತ್ತಾರೋ ಇಲ್ಲವೋ, ನನಗೆ ಭಯವಿಲ್ಲ.

ಕಾರು ಬಂತು. ಆಚೆಮನೆಯ ಕಿಟಕಿಯೂ ತೆರೆಯಿತು. ಈಗ ಅಮ್ಮ ಕೋಣೆಗೆ ಬಂದಳು. ಮಾತ್ರೆ ಡಬ್ಬಿ ಮೇಜಿನ ಮೇಲೇ ಇತ್ತು. ಎತ್ತಿಕೊಂಡಳು. ಅಕ್ಕಿಗೆ ಹೋಯಿತು ಅಂದುಕೊಂಡೆ. ಸೆರಗಿನಿಂದ ಧೂಳು ಒರೆಸಿ, ಅಲ್ಲೇ ಇಟ್ಟಳು. "ಇರಲಿ. ಬಾ" ಅಂದಳು, ಕೈ ಹಿಡಿದು

ಇಲ್ಲ, ಬರೆಯಲು ಬಿಡುವುದಿಲ್ಲ —