ಬಚ್ಚಲಿನ ಬಕೆಟ್

ಹದಿನಾಲ್ಕು, ಗುರುವಾರ

ಬಾಯಿಬಿಟ್ಟು ಹೇಳಿಬಿಡಬೇಕಿತ್ತು. ಬಚ್ಚಲಿನ ಪೈಪು ಸೋರುವುದು ನನಗೆ ಎರಡು ವರ್ಷದಿಂದ ಗೊತ್ತು. ಹೇಳಿದರೆ ರಿಪೇರಿ ಮಾಡಿಸಿ ಬಾಡಿಗೆ ಏರಿಸುತ್ತಾರೆಂದು ಅದರಡಿ ಬಕೆಟ್ ಇಟ್ಟು ತೆಪ್ಪಗಿದ್ದೆ. ಚೆಲ್ಲಲು ಮರೆತು ಅದು ಉಕ್ಕಿದ ದಿನಗಳೂ ಉಂಟು.

ಬಾಡಿಗೆ ಮಾತಾಡಲು ಮನೆಯೊಡತಿ ಇವತ್ತು ಕೆಳಗೆ ಕರೆದರು. ಅವರು ದರ್ಜಿ. ನಮ್ಮ ಬಚ್ಚಲಿನ ಕೆಳಗೇ ಅವರ ಗೋಡೆಬೀರು. ಅದರಲ್ಲಿ ಮೂವತ್ತು ವರ್ಷದಿಂದ ಗಿರಾಕಿಗಳ ಅಳತೆಗೆ ಕತ್ತರಿಸಿಟ್ಟ ಕಾಗದಗಳೆಲ್ಲ ನೆನೆದು ಮುದ್ದೆಯಾಗಿವೆ. ಒಂದೊಂದನ್ನೇ ಬಿಡಿಸಲು ನೋಡುತ್ತಾ ಹೇಳಿದರು:

"ಹಳೇ ಗೋಡೆ ನೋಡಿ, ಎಲ್ಲಿಂದ ತೇವ ಹತ್ತುತ್ತೋ ಗೊತ್ತಾಗಲ್ಲ. ಅದಿರ್ಲಿ, ಈ ಸಲ ಬಾಡಿಗೆ ಎಷ್ಟು ಅಂತ ನೀವೇ ಹೇಳಿ. ಆರು ವರ್ಷದಲ್ಲಿ ಒಂದಿನಾನೂ ಅದು ಸರಿಯಿಲ್ಲ, ಇದು ಸರಿಯಿಲ್ಲ ಅಂದೋರಲ್ಲ ನೀವು."

ಹಳೆಯ ಬಾಡಿಗೆಯನ್ನೇ ಉಳಿಸಿಕೊಳ್ಳಬೇಕೆಂದು ಹೋಗಿದ್ದವನು ಐನೂರು ಜಾಸ್ತಿ ಕೊಡುತ್ತೇನೆ ಎಂದುಬಿಟ್ಟೆ.

"ನಿಮ್ಮಂಥವರು ಎಲ್ಲಿ ಸಿಕ್ತಾರೆ!" ಎಂದರು.

ಮೇಲೆ ಬಂದೆ. ಬಕೆಟ್ ತುಂಬಿತ್ತು. ಕೆಳಗೆ ಕೇಳಿಸಬಾರದೆಂದು ಮೆಲ್ಲಗೆ ಚೆಲ್ಲಿ, ಮತ್ತೆ ಅಲ್ಲೇ ಇಟ್ಟೆ.