ಹದಿನೈದು ಸುತ್ತು, ಮೂವತ್ತೆಂಟು ಸೆಕೆಂಡು

ಕ್ಲೇಟನ್, ಮೆಲ್ಬರ್ನ್
೯ ಆಗಸ್ಟ್ ೨೦೨೫, ಶನಿವಾರ ಸಂಜೆ

ಪ್ರೀತಿಯ ಅಪ್ಪಾಜಿ,

ನಿಮ್ಮ ಅಮೂಲ್ಯಾಳ ನಮಸ್ಕಾರಗಳು. ಮೊಣಕಾಲು ಹೇಗಿದೆ? ಅವ್ವನ ಬಿಪಿ ಹತೋಟಿಯಲ್ಲಿದೆ ತಾನೇ? ಎರಡು ಸ್ವೆಟರ್ ತೊಟ್ಟು, ಮೇಲೆ ರಾಣೆಬೆನ್ನೂರಿನ ಮಫ್ಲರ್ ಸುತ್ತಿಕೊಂಡು ದಿನಾ ಬೆಳಿಗ್ಗೆ ಮೊಮ್ಮಗ ಇಶಾನನನ್ನು ಪಾರ್ಕಿಗೆ ಕರೆದೊಯ್ಯುತ್ತೀರಂತೆ. ಅಲ್ಲಿ ಜಾರುಬಂಡೆಯ ಮುಂದೆ ಗುಂಪುಗೂಡಿದ ಮಕ್ಕಳನ್ನೆಲ್ಲ ಎತ್ತರದ ಪ್ರಕಾರ ಸಾಲು ನಿಲ್ಲಿಸಿ, ಒಬ್ಬೊಬ್ಬರನ್ನೇ ಸೀಟಿ ಊದಿ ಜಾರಿಸುತ್ತೀರಿ, ಸಿಡ್ನಿಯ ನಿಮ್ಮ ಸ್ಕೋಫೀಲ್ಡ್ಸ್‌ನ ತಾಯಂದಿರು ನಿಮ್ಮನ್ನು ಕೌನ್ಸಿಲ್ ಕಳುಹಿಸಿದ ಅಧಿಕಾರಿ ಎಂದೇ ತಿಳಿದಿದ್ದಾರೆ ಎಂದು ಗೌತಮ್ ಅಣ್ಣ ಹೇಳಿ ನಕ್ಕ. ಮೂವತ್ನಾಲ್ಕು ವರ್ಷ ಡ್ರಿಲ್ ಮೇಷ್ಟ್ರಾಗಿದ್ದವರ ಬಾಯಿಂದ ಸೀಟಿ ಬಿಡಿಸುವುದು ಕಷ್ಟ, ಒಪ್ಪಿದೆ. ಆದರೆ ನಿಮ್ಮದು ವಿಸಿಟರ್ ವೀಸಾ ಅಪ್ಪಾಜಿ, ಅದರಲ್ಲಿ ಕೆಲಸ ಮಾಡುವಂತಿಲ್ಲ!

ಜೇಬಿನಲ್ಲಿ ಫೋನಿರುವಾಗ ಪತ್ರವೇಕೆ ಎಂದು ಹುಬ್ಬು ಗಂಟಿಕ್ಕಬೇಡಿ. ಇವತ್ತು ಮಧ್ಯಾಹ್ನ ನೀವು ಫೋನಿನಲ್ಲಿ ಇಪ್ಪತ್ತು ನಿಮಿಷ ಮಾತಾಡಿದಿರಿ. ನಾನು ಮೂರು ಸಲ ‘ಅಪ್ಪಾಜಿ’ ಎಂದೆ, ಎರಡು ಸಲ ‘ಹೂಂ’ ಎಂದೆ, ಅಷ್ಟೇ. ಫೋನಿನಲ್ಲಿ ನಿಮ್ಮನ್ನು ಹಿಂದಿಕ್ಕುವವರು ಇನ್ನೂ ಹುಟ್ಟಿಲ್ಲ. ಕಾಗದದಲ್ಲಿ ಮಾತ್ರ ಕೊನೆಯ ಸಾಲಿನವರೆಗೂ ನಾನೇ ಮುಂದೆ. ಇನ್ನೊಂದು ಅನುಕೂಲವೂ ಇದೆ. ಇದು ನಿಮ್ಮ ಕೈ ಸೇರುವ ಹೊತ್ತಿಗೆ ನಾಳೆಯ ಫೈನಲ್ ಮುಗಿದಿರುತ್ತದೆ. ಬೇಡವೆಂದು ತಡೆಯಲು ನಿಮಗೆ ದಾರಿಯೇ ಇರುವುದಿಲ್ಲ.

ಫೈನಲ್‌ಗೆ ಆರಿಸುವ ಇವತ್ತಿನ ಓಟದಲ್ಲಿ ನಾನು ಮೊದಲು ಬಂದದ್ದನ್ನು ವಿಡಿಯೊದಲ್ಲಿ ನೋಡಿ ನೀವು ಸೋಫಾದ ಮೇಲೆ ಹತ್ತಿ ನಿಂತಿರಂತೆ. ನಾನು ಅದೇ ಹೊತ್ತಿಗೆ ಇಲ್ಲಿ ನಾಚಿಕೆಯಿಂದ ಶೂ ಬಿಚ್ಚುತ್ತಿದ್ದೆ. ಯಾಕೆಂದು ಹೇಳುತ್ತೇನೆ. ನೀವು ಬಂದಿಳಿದ ವಾರ ಪೆಂಡಲ್ ಹಿಲ್‌ನಲ್ಲಿ ನಡೆದ ಯುಗಾದಿ ಊಟ ನೆನಪಿದೆಯಲ್ಲ? ಬಫೆ ಟೇಬಲಿನ ಮುಂದೆ ನೂರಿಪ್ಪತ್ತು ಜನ. ‘ತಗೊಳ್ಳಿ ಅಂಕಲ್’, ‘ಅಯ್ಯೋ, ನೀವ್ ಫಸ್ಟ್ ಆಂಟಿ’, ‘ಇಲ್ಲಪ್ಪಾ, ಬ್ರೇಕ್‌ಫಾಸ್ಟೇ ಹೆವಿ ಆಗೋಯ್ತು’. ಹತ್ತು ನಿಮಿಷ ಒಬ್ಬರೂ ತಟ್ಟೆ ಮುಟ್ಟಲಿಲ್ಲ, ಎಲ್ಲರ ಕಣ್ಣೂ ಹೋಳಿಗೆಯ ಮೇಲೆ. ‘ಹೋಳಿಗೆ ಇನ್ನೊಂದೇ ಟ್ರೇ!’ ಎಂದು ಯಾರೋ ಕೂಗಿದ್ದೇ ತಡ, ಮೊಣಕಾಲು ನೋವಿನ ನೀವು ನಾಲ್ವರು ಸಾಫ್ಟ್‌ವೇರ್ ಹುಡುಗರನ್ನು ಒಳಗಿನ ಲೇನಿನಿಂದ ದಾಟಿ ಮೂರು ಹೋಳಿಗೆಯೊಂದಿಗೆ ಹೊರಬಂದಿರಿ. ನಮ್ಮ ವಿಶ್ವವಿದ್ಯಾಲಯಗಳ ಒಳಾಂಗಣ ಚಾಂಪಿಯನ್‌ಶಿಪ್ಪಿನ ಓಟವೂ ಆ ಊಟವೂ ಒಂದೇ ಅಪ್ಪಾಜಿ. ದೊಡ್ಡ ಹಾಲಿನೊಳಗೆ ಹಾಸಿದ ಇನ್ನೂರು ಮೀಟರಿನ ಟ್ರ್ಯಾಕ್, ಮೂರು ಸಾವಿರ ಮೀಟರಿಗೆ ಹದಿನೈದು ಸುತ್ತು. ಗಾಳಿಯಿಲ್ಲ, ಮಳೆಯಿಲ್ಲ, ಆದ್ದರಿಂದ ನೆಪವೂ ಇಲ್ಲ. ಹನ್ನೆರಡು ಹುಡುಗಿಯರು ಹದಿಮೂರು ಸುತ್ತು ‘ನೀವು ಮೊದಲು, ನೀವು ಮೊದಲು’ ಎಂದು ಒಬ್ಬರ ಬೆನ್ನಿಗೊಬ್ಬರು ಅಂಟಿಕೊಂಡು ವಾಕಿಂಗ್ ಹೋದೆವು. ಕೊನೆಯ ಎರಡು ಸುತ್ತಿನಲ್ಲಿ ಹೋಳಿಗೆಗೆ ಬಿದ್ದೆವು. ನಾನು ಗೆದ್ದೆ. ವೇಳೆ ಹತ್ತು ನಿಮಿಷ ನಾಲ್ಕು ಸೆಕೆಂಡು.

ಆ ಹತ್ತು ನಿಮಿಷವೇ ನನ್ನ ಗೋಳು. ಜುಲೈನಲ್ಲಿ ಇಲ್ಲಿನ ತರಬೇತಿ ತಂಡಕ್ಕೆ ಅರ್ಜಿ ಹಾಕಿದ್ದು ಹೇಳಿದ್ದೆನಲ್ಲ. ಆಯ್ಕೆಯಾದವರಿಗೆ ವರ್ಷವಿಡೀ ಕೋಚ್, ಟ್ರ್ಯಾಕ್, ಫಿಸಿಯೊ ಎಲ್ಲ ಸಿಗುತ್ತದೆ. ಆಗದವರು ನನ್ನ ಹಾಗೆ ಸೂಪರ್‌ಮಾರ್ಕೆಟ್ಟಿನ ಶಿಫ್ಟ್ ಮುಗಿಸಿ ಫುಟ್‌ಪಾತಿನಲ್ಲಿ ನಾಯಿ ವಾಕಿಂಗಿನವರ ನಡುವೆ ಓಡಬೇಕು. ನವೆಂಬರಿಗೆ ನನ್ನ ಕೋರ್ಸ್ ಮುಗಿಯುತ್ತದೆ, ಆಮೇಲೆ ಫುಲ್‌ಟೈಮ್ ಕೆಲಸ. ಈ ತಂಡ ಸೇರದಿದ್ದರೆ ನನ್ನ ಓಟ ಅಲ್ಲಿಗೆ ಭಾನುವಾರದ ಹವ್ಯಾಸವಾಗಿಬಿಡುತ್ತದೆ. ಅರ್ಜಿಯಲ್ಲಿ ‘ನಿಮ್ಮ ಅತ್ಯುತ್ತಮ ವೇಳೆ’ ಎಂದು ಮೂರು ಖಾನೆಗಳಿದ್ದವು. ನಾನು ಮೂರರಲ್ಲೂ ಹೆಮ್ಮೆಯಿಂದ ಏನು ಬರೆದೆ ಗೊತ್ತೇ? ‘ಫಸ್ಟ್’, ‘ಫಸ್ಟ್’, ‘ಫಸ್ಟ್’. ಆ ತಂಡದ ಕೋಚ್ ಮೆಗನ್ ಓದಿ ನಕ್ಕಳು, ನಾನೂ ನಕ್ಕೆ. ಆಮೇಲೆ ಅವಳು ನಗು ನಿಲ್ಲಿಸಿ, ‘ಸರಿ, ಆದರೆ ಎಷ್ಟು ನಿಮಿಷದಲ್ಲಿ ಓಡಿದೆ?’ ಎಂದಳು. ನನಗೆ ಗೊತ್ತಿರಲಿಲ್ಲ ಅಪ್ಪಾಜಿ. ಹೋಬಳಿಯಿಂದ ಜಿಲ್ಲೆಯವರೆಗೆ ಗೆದ್ದ ಮೂವತ್ತೊಂದು ಸರ್ಟಿಫಿಕೇಟುಗಳನ್ನೂ ಅಂದು ಮನಸ್ಸಿನಲ್ಲೇ ತಿರುವಿ ನೋಡಿದೆ. ಎಲ್ಲದರಲ್ಲೂ ಪ್ರಥಮ ಸ್ಥಾನ, ನನ್ನ ಹೆಸರಿನ ಮೂರು ಬಗೆಯ ಕಾಗುಣಿತ, ಬಿಇಓ ಸಾಹೇಬರ ಸಹಿ. ವೇಳೆ ಮಾತ್ರ ಒಂದರಲ್ಲೂ ಇಲ್ಲ. ನಿಮ್ಮ ನೀಲಿ ರಟ್ಟಿನ ನೋಟ್‌ಬುಕ್ಕಿನಲ್ಲೂ ಬರೀ ಒಂದು, ಎರಡು, ಮೂರು. ಅಷ್ಟು ವರ್ಷ ಕಾಲು ಓಡಿದ್ದೇ ಓಡಿದ್ದು, ಕಾಲದ ಲೆಕ್ಕವನ್ನು ಯಾರೂ ಇಡಲಿಲ್ಲ.

ತಂಡಕ್ಕೆ ಬೇಕಾದದ್ದು ಒಂಬತ್ತು ನಿಮಿಷ ಮೂವತ್ತು ಸೆಕೆಂಡಿನೊಳಗೆ ಮೂರು ಸಾವಿರ ಮೀಟರ್. ಅಂದರೆ ಪ್ರತಿ ಸುತ್ತಿಗೆ ಮೂವತ್ತೆಂಟು ಸೆಕೆಂಡು, ಅಂಥವು ಹದಿನೈದು. ಆಯ್ಕೆಯ ಪಟ್ಟಿ ಈ ತಿಂಗಳ ಮೂವತ್ತೊಂದಕ್ಕೆ ಮುಚ್ಚುತ್ತದೆ. ಯಾರು ಗೆದ್ದರು ಎಂದು ಆ ಪಟ್ಟಿ ಕೇಳುವುದಿಲ್ಲ. ನನ್ನ ಜೊತೆ ಓಡುವ ಅಮೆರಿಕದ ಹುಡುಗಿ ತನ್ನ ಅತಿ ವೇಗದ ಓಟಕ್ಕೆ ‘ಪಿಆರ್’ ಎನ್ನುತ್ತಾಳೆ. ಇನ್ನುಮುಂದೆ ರೌಸ್ ಹಿಲ್‌ನ ಆಂಟಿಯರು ಇಲ್ಲಿನ ಕಾಯಂ ವಾಸದ ವೀಸಾ ಮನಸ್ಸಿನಲ್ಲಿಟ್ಟು ‘ನಿಂಗೆ ಪಿಆರ್ ಯಾವಾಗಮ್ಮಾ?’ ಎಂದರೆ ‘ಭಾನುವಾರ ಆಂಟಿ’ ಎಂದುಬಿಡುತ್ತೇನೆ.

ಆದ್ದರಿಂದ ನಾಳೆ ಮೊದಲ ಸುತ್ತಿನಿಂದಲೇ ನಾನು ಮುಂದೆ ಓಡುತ್ತೇನೆ. ಮಧ್ಯಾಹ್ನ ನೀವು ಹೇಳಿದ್ದು ಕಿವಿಯಲ್ಲೇ ಇದೆ: ‘ತಡೀ ಅಮ್ಮೂ, ತಡೀ. ಅವ್ರು ದಣೀಲಿ. ಕಡೀ ಸುತ್ತಿನ್ಯಾಗ ಹೊಡಿ. ಕೈಗೆ ಬಂದ ಮೆಡಲ್ ಬಿಡಬ್ಯಾಡ.’ ನಿಮ್ಮ ಮಾತು ತಪ್ಪಲ್ಲ. ನಾನು ಮುಂದೆ ಓಡಿದರೆ ಹಿಂದಿನವರಿಗೆ ಅಳತೆಗೋಲು ಸಿಗುತ್ತದೆ, ಕೊನೆಯಲ್ಲಿ ಅವರು ನನ್ನನ್ನು ದಾಟಲೂಬಹುದು. ಗೊತ್ತಿದೆ. ನೀವು ತಡೀ ಎನ್ನಲು ಕಲಿತದ್ದು ಎಲ್ಲಿ ಎಂಬುದೂ ಈಚೆಗೆ ಅರ್ಥವಾಗಿದೆ. ನಿಮ್ಮ ಶಾಲೆಯ ಹುಡುಗಿಯರು ಖಾಲಿ ಹೊಟ್ಟೆಯಲ್ಲಿ, ಬರಿಗಾಲಲ್ಲಿ, ಬಿಸಿಲಿಗೆ ಕಾದ ನೆಲದ ಮೇಲೆ ಓಡುತ್ತಿದ್ದರು. ಅವರಲ್ಲಿದ್ದ ಇಷ್ಟೇ ಇಷ್ಟು ಶಕ್ತಿ ಮೊದಲೇ ತೀರಿಹೋಗದಿರಲಿ ಎಂದು ನೀವು ಕೊನೆಯ ಸುತ್ತಿನವರೆಗೆ ಕಾಯಿಸುತ್ತಿದ್ದಿರಿ. ನನಗೆ ಆ ಕೊರತೆ ಎಂದೂ ಇರಲಿಲ್ಲ. ದಿನಾ ಬೆಳಿಗ್ಗೆ ಎರಡು ಮೊಟ್ಟೆ, ಒಂದು ಲೋಟ ಹಾಲು ಕೊಟ್ಟು ಬೆಳೆಸಿದಿರಿ. ಉಳಿಸಿಕೊಂಡದ್ದು ಸಾಕು, ಖರ್ಚು ಮಾಡಿ ನೋಡುತ್ತೇನೆ.

ಹೆದರಿಕೆ ಇಲ್ಲವೇ ಎಂದರೆ ಇದೆ. ಇಷ್ಟು ವರ್ಷ ಯಾರದೋ ಬೆನ್ನು ನೋಡಿಕೊಂಡು ಓಡಿದವಳು ನಾನು. ಆ ಬೆನ್ನು ಇದ್ದರೆ ಏನೋ ಧೈರ್ಯ. ನಾಳೆ ಎದುರಿಗೆ ಬರೀ ತಿರುವು. ಆದರೂ ಹೊರಡುತ್ತೇನೆ.

ಅವ್ವನಿಗೆ ನನ್ನ ನಮಸ್ಕಾರ. ಇಶಾನನ ಎರಡೂ ಕೆನ್ನೆಗೆ ಮುತ್ತು. ಅಣ್ಣ ಅತ್ತಿಗೆಯರಿಗೆ ನೆನಪು, ಮಾರ್ಟ್‌ಗೇಜ್ ಚಿಂತೆಯಲ್ಲಿ ಅಣ್ಣ ಊಟ ಮರೆಯದಿರಲಿ. ನೀವು ಮಾತ್ರೆ ಮರೆಯಬೇಡಿ, ಮರೆತು ತಗೊಂಡೆ ಎನ್ನಲೂಬೇಡಿ.

ನಿಮ್ಮ ಮಾತು ಮೀರಲಿರುವ ಮಗಳು,
ಅಮೂಲ್ಯಾ

ಮರೆತ ಮಾತು: ಭಾನುವಾರ ಮಧ್ಯಾಹ್ನ, ಟ್ರಾಮ್ ಸ್ಟಾಪಿನಲ್ಲಿ ಕೂತು ಗೀಚುತ್ತಿದ್ದೇನೆ, ಅಕ್ಷರ ಕ್ಷಮಿಸಿ. ಓಟ ಮುಗಿಯಿತು. ಹದಿನಾಲ್ಕು ಸುತ್ತು ನಾನೇ ಮುಂದಿದ್ದೆ. ಕೊನೆಯ ಸುತ್ತಿನಲ್ಲಿ ಮೂವರು ದಾಟಿದರು. ಅವರು ಮೂವರೂ ಒಂಬತ್ತು ಮೂವತ್ತರೊಳಗೆ ಮುಗಿಸಿದರು. ನಾನು ನಾಲ್ಕನೆಯವಳು, ಒಂಬತ್ತು ನಿಮಿಷ ಮೂವತ್ತೊಂದು ಪಾಯಿಂಟ್ ನಾಲ್ಕು. ಒಂದೂವರೆ ಸೆಕೆಂಡಿಗೆ ಪಟ್ಟಿಯೂ ಇಲ್ಲ, ಮೆಡಲೂ ಇಲ್ಲ. ಗೆದ್ದವಳು ಬಂದು ತಬ್ಬಿಕೊಂಡು ‘ಥ್ಯಾಂಕ್ಸ್ ಮೇಟ್’ ಎಂದಳು. ಐದು ನಿಮಿಷ ಬಾತ್‌ರೂಮಿನಲ್ಲಿ ಚೆನ್ನಾಗಿ ಅತ್ತೆ, ಮುಖ ತೊಳೆದುಕೊಂಡು ಹೊರಬಂದೆ. ಮೆಗನ್ ಸುತ್ತಿನ ಲೆಕ್ಕ ತೋರಿಸಿದಳು. ಮೊದಲ ಏಳು ಸುತ್ತೂ ಸರಿಯಾಗಿ ಮೂವತ್ತೆಂಟು. ಎಂಟರಿಂದ ಹನ್ನೊಂದು ಮಾತ್ರ ಮೂವತ್ತೊಂಬತ್ತಕ್ಕೆ ಜಾರಿವೆ. ಮುಂದೆ ಓಡುವವಳಿಗೆ ತಾನು ನಿಧಾನವಾದದ್ದು ಗೊತ್ತೇ ಆಗುವುದಿಲ್ಲ ಅಪ್ಪಾಜಿ, ಯಾರಾದರೂ ಹೇಳಬೇಕು. ಪಟ್ಟಿ ಮುಚ್ಚುವ ಮೊದಲು ಇನ್ನೊಂದೇ ಓಟವಿದೆ: ೨೩ನೇ ತಾರೀಖು, ಸಿಡ್ನಿಯಲ್ಲಿ, ಬಯಲಿನ ನಾನೂರು ಮೀಟರಿನ ಟ್ರ್ಯಾಕ್. ಹೆಸರು ಕೊಟ್ಟಾಯಿತು. ಅಲ್ಲೂ ನಾನೇ ಮುಂದೆ ಓಡುತ್ತೇನೆ. ಮೆಗನ್‌ಗೆ ಅಂದು ಬರಲಾಗುವುದಿಲ್ಲ. ನೀವು ಬರಬೇಕು, ಮಗಳ ಓಟ ನೋಡಲಲ್ಲ, ಕೆಲಸಕ್ಕೆ. ಅಣ್ಣನ ಫೋನಿನ ಸ್ಟಾಪ್‌ವಾಚ್ ಈ ಎರಡು ವಾರದಲ್ಲಿ ಇಶಾನನಿಂದ ಕಲಿತುಕೊಳ್ಳಿ. ಗೆರೆಯ ಪಕ್ಕದಲ್ಲೇ ನಿಂತು ಪ್ರತಿ ಸುತ್ತಿನ ವೇಳೆ ಕೂಗಬೇಕು. ಎಪ್ಪತ್ತಾರು ಸೆಕೆಂಡು ನಮ್ಮ ಗುರಿ. ಎಪ್ಪತ್ತೇಳಾದರೆ ಸಿಡ್ನಿಯ ಜನ ತಿರುಗಿ ನೋಡಿದರೂ ಪರವಾಗಿಲ್ಲ, ಬೈಯಿರಿ. ಟ್ರಾಮ್ ಬಂತು.